ಊಟ ಸೇರಿ, ವೈನು ಬೇರೆ

ನಮ್ಮ ಕಡೆಯ ಹೋಟೆಲುಗಳಲ್ಲಿ ಎರಡು ಬಗೆಯ ಊಟ. ಒಂದು ‘ಫುಲ್ ಮೀಲ್ಸ್’, ಇನ್ನೊಂದು ‘ಪ್ಲೇಟ್ ಮೀಲ್ಸ್’. ಮೊದಲನೆಯದರಲ್ಲಿ ಒಂದು ದುಡ್ಡು ಕೊಟ್ಟು ಕೂತರೆ ಅನ್ನ, ಸಾರು, ಪಲ್ಯ ಸಾಕೆನ್ನುವ ತನಕ ಬರುತ್ತದೆ. ಎರಡನೆಯದು ಅಳತೆಯ ಊಟ. ತಟ್ಟೆಯಲ್ಲಿ ಇದ್ದಷ್ಟೇ ನಿಮ್ಮದು, ಇನ್ನೊಂದು ಕಪ್ಪು ಮೊಸರು ಕೇಳಿದರೆ ಬಿಲ್ಲಿನಲ್ಲಿ ಇನ್ನೊಂದು ಸಾಲು. ಫುಲ್ ಮೀಲ್ಸಿನಲ್ಲಿ ಕಡಿಮೆ ಉಣ್ಣುವವಳ ದುಡ್ಡಿನಿಂದ ಹೆಚ್ಚು ಉಣ್ಣುವವನ ಎಲೆ ತುಂಬುತ್ತದೆ ಎಂಬ ಲೆಕ್ಕ ಮನೆ ನಡೆಸುವ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಮುದ್ರದ ಮೇಲೆ ಓಡುವ ಸಿರಿವಂತರ ಹಡಗುಗಳ ಚರಿತ್ರೆ ಓದುತ್ತ ಹೋದಾಗ ನನಗೆ ಸೋಜಿಗವೆನಿಸಿದ್ದು ಇದೇ. ಝಗಮಗಿಸುವ ದೀಪ, ಬೆಳ್ಳಿಯ ಚಮಚ, ಫ್ರೆಂಚ್ ಹೆಸರಿನ ಭಕ್ಷ್ಯಗಳು, ಎಲ್ಲದರ ಹಿಂದೆ ಇರುವುದು ಫುಲ್ ಮೀಲ್ಸೋ ಪ್ಲೇಟ್ ಮೀಲ್ಸೋ ಎಂಬ ಹಳೆಯ ಪ್ರಶ್ನೆ.

1840ರಲ್ಲಿ ಸ್ಯಾಮ್ಯುಯೆಲ್ ಕ್ಯುನಾರ್ಡನ ‘ಬ್ರಿಟಾನಿಯಾ’ ಎಂಬ ಉಗಿಹಡಗು ಲಿವರ್‌ಪೂಲಿನಿಂದ ಅಮೆರಿಕದ ಕಡೆಗೆ ಹೊರಟಿತು. ಹ್ಯಾಲಿಫ್ಯಾಕ್ಸಿಗೆ 34 ಗಿನಿ, ಬಾಸ್ಟನ್ನಿಗೆ 38 ಗಿನಿ. ಅದರಲ್ಲಿ ಊಟವೂ ಸೇರಿತ್ತು, ವೈನೂ ಸೇರಿತ್ತು. ಬೇರೆಯಾಗಿ ಕೊಡಬೇಕಾದದ್ದು ಒಂದೇ: ಬಡಿಸುವ ಸ್ಟೀವರ್ಡನಿಗೆಂದು 1 ಗಿನಿ. ಈ ಒಂದು ಗಿನಿಯನ್ನು ನೀವು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಇದು ಮತ್ತೆ ಬರುತ್ತದೆ. ಹಾಲಿಗೆಂದು ಹಡಗಿನ ಮೇಲೆಯೇ ಒಂದು ಹಸುವನ್ನು ಕಟ್ಟಿದ್ದರು. 1842ರ ಜನವರಿಯಲ್ಲಿ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಹೆಂಡತಿಯೊಡನೆ ಇದೇ ಹಡಗಿನಲ್ಲಿ ಹೋದ. ಅದರ ಊಟದ ಕೋಣೆಯನ್ನು ಹೆಣ ಸಾಗಿಸುವ ಗಾಡಿಗೆ ಹೋಲಿಸಿ ಗೇಲಿ ಮಾಡಿದ. ಚಳಿಗಾಲದ ಅಟ್ಲಾಂಟಿಕ್ ಸಮುದ್ರದಲ್ಲಿ ಊಟದ ಮೇಜಿಗೆ ಬಂದು ಕೂರುವ ತ್ರಾಣ ಎಷ್ಟು ಜನಕ್ಕಿತ್ತೋ! ಹೊಟ್ಟೆ ತೊಳಸಿ ಮಲಗಿದವರ ಪಾಲಿನ ಊಟದ ದುಡ್ಡು ಮಾತ್ರ ಟಿಕೆಟ್ಟಿನ ಜತೆ ಮೊದಲೇ ಸಂದಾಯವಾಗಿತ್ತು.

ನಮ್ಮ ದೇಶದ ದಾರಿಗೆ ಓಡುತ್ತಿದ್ದುದು ‘ಪಿ ಅಂಡ್ ಓ’ ಕಂಪನಿಯ ಹಡಗುಗಳು. 1842ರಲ್ಲಿ ಅದರ ‘ಹಿಂದೂಸ್ತಾನ್’ ಹಡಗು ಕಲ್ಕತ್ತೆಗೆ ಹೊರಟಿತು. ಇಲ್ಲಿನ ದೊರೆಗಳು, ಸೈನ್ಯದ ಅಧಿಕಾರಿಗಳು, ಅವರ ಹೆಂಡಿರು, ಗಂಡು ಹುಡುಕಿಕೊಂಡು ಬರುತ್ತಿದ್ದ ಇಂಗ್ಲಿಷ್ ಕನ್ಯೆಯರು, ಎಲ್ಲರೂ ಇದರಲ್ಲೇ. ಡೆಕ್ಕಿನ ಮೇಲೆ ಕುರಿ, ಕೋಳಿ, ಹಂದಿಗಳ ಒಂದು ಸಂತೆಯೇ ಪ್ರಯಾಣ ಮಾಡುತ್ತಿತ್ತು. ದಿನಕ್ಕಿಷ್ಟೆಂದು ಕಡಿದು ಬೇಯಿಸಬೇಕಲ್ಲ, ಆಗ ಶೀತಲಪೆಟ್ಟಿಗೆ ಎಲ್ಲಿತ್ತು? ಟಿಕೆಟ್ಟಿನ ಬೆಲೆ ಭಾರಿ. ಆದರೆ ಅದರಲ್ಲಿ ವೈನು, ಬಿಯರು, ಬ್ರಾಂದಿ ಎಲ್ಲ ಸೇರಿತ್ತು, ಕುಡಿದವನಿಗೆ ಕುಡಿದಷ್ಟು. ಊರಿಗೆ ಹಿಂದಿರುಗುವ ದಂಡಿನ ಅಧಿಕಾರಿಗಳು ಇದನ್ನು ಹೇಗೆ ವಸೂಲು ಮಾಡಿಕೊಂಡಿರಬಹುದೆಂದು ಯಾರಾದರೂ ಊಹಿಸಬಹುದು. ಅದೇ ಮೇಜಿನಲ್ಲಿ ಕೂತು ನಿಂಬೆ ಶರಬತ್ತು ಕುಡಿದ ಪಾದ್ರಿಯ ಹೆಂಡತಿ ಆ ಬ್ರಾಂದಿಯ ಬಿಲ್ಲಿಗೆ ತನ್ನ ಪಾಲನ್ನು ಕೊಟ್ಟೇ ಹಡಗು ಹತ್ತಿದ್ದಳು.

1869ರ ನವೆಂಬರಿನಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಬೇರೆ ಬೇರೆ ಕಂಪನಿಗಳ ಹಡಗುಗಳು ಕಡಿಮೆ ಬೆಲೆಗೆ ಜನರನ್ನು ಕರೆದೊಯ್ಯಲು ನಿಂತವು. ಪಿ ಅಂಡ್ ಓ ಕೂಡ ಟಿಕೆಟ್ಟಿನ ಬೆಲೆ ಇಳಿಸಲೇಬೇಕಾಯಿತು. ಇಳಿಸುವಾಗ ಅದು ಮೊದಲು ಕೈಯಿಟ್ಟದ್ದು ಬಾಟಲಿಯ ಮೇಲೆ. 1870ರ ದಶಕದಲ್ಲಿ ಪುಕ್ಕಟೆ ಮದ್ಯ ನಿಂತಿತು. ಊಟ ಮಾತ್ರ ಟಿಕೆಟ್ಟಿನಲ್ಲಿ, ಕುಡಿದದ್ದಕ್ಕೆ ಚೀಟಿ ಬರೆದು ಸಹಿ ಹಾಕಿ ಕೊನೆಗೆ ಲೆಕ್ಕ ತೀರಿಸುವುದು. ‘ಊಟ ಸೇರಿ, ವೈನು ಬೇರೆ’ ಎಂಬ ನೇಮ ಹೀಗೆ ನೆಲೆಯಾಯಿತು. ಇವತ್ತಿಗೂ ಬಹುಪಾಲು ಹಡಗುಗಳಲ್ಲಿ ನಡೆಯುವುದು ಇದೇ.

ಊಟದ ದುಡ್ಡು ಕೊಟ್ಟೂ ಉಣ್ಣದೆ ಹೋದವರು ನಮ್ಮವರು. 1883ರ ಏಪ್ರಿಲಿನಲ್ಲಿ ಕಲ್ಕತ್ತೆಯಿಂದ ಹಡಗು ಹತ್ತಿದ ಆನಂದಿಬಾಯಿ ಜೋಶಿಗೆ ಆಗತಾನೆ ಹದಿನೆಂಟು ತುಂಬಿತ್ತು. ಅಮೆರಿಕಕ್ಕೆ ಹೋಗಿ ವೈದ್ಯಕೀಯ ಓದಬೇಕೆಂದು ಗಂಡನನ್ನು ಇಲ್ಲೇ ಬಿಟ್ಟು ಹೊರಟ ಹುಡುಗಿ. ಸೀರೆ ಬಿಡುವುದಿಲ್ಲ, ಮಾಂಸ ಮುಟ್ಟುವುದಿಲ್ಲ ಎಂದು ಹೇಳಿ ಹೊರಟವಳು, ಹಾಗೆಯೇ ನಡೆದುಕೊಂಡಳು. ಮಾಂಸದ ವಾಸನೆ ಹೊಡೆಯುವ ಹಡಗಿನ ಅಡಿಗೆಮನೆಯಿಂದ ಅವಳ ತಟ್ಟೆಗೆ ಎಷ್ಟು ಬಂದಿರಬಹುದು? 1886ರಲ್ಲಿ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದು ಹಿಂದಿರುಗಿದಳು. 1887ರ ಫೆಬ್ರವರಿಯಲ್ಲಿ, ಇಪ್ಪತ್ತೆರಡು ತುಂಬುವ ಮೊದಲೇ, ಕ್ಷಯದಿಂದ ತೀರಿಕೊಂಡಳು. ಅವಳ ಸಾವಿಗೆ ಕಾರಣ ಊಟವೊಂದೇ ಅಲ್ಲ, ಗೊತ್ತು. ಆದರೂ ಆ ಹುಡುಗಿಯ ವಿಷಯ ಓದುವಾಗೆಲ್ಲ ನನ್ನ ಮನಸ್ಸು ಮೊದಲು ಅವಳ ತಟ್ಟೆಯ ಕಡೆಗೇ ಹೋಗುತ್ತದೆ.

ಐದು ವರ್ಷಗಳ ಮೇಲೆ, 1888ರ ಸೆಪ್ಟೆಂಬರ್ 4ರಂದು, ಮುಂಬಯಿಯಿಂದ ಪಿ ಅಂಡ್ ಓದ ‘ಕ್ಲೈಡ್’ ಹಡಗಿನಲ್ಲಿ ಇನ್ನೊಬ್ಬ ಹದಿನೆಂಟರ ಹುಡುಗ ಲಂಡನ್ನಿಗೆ ಹೊರಟ. ಮದ್ಯ, ಮಾಂಸ, ಪರಸ್ತ್ರೀ ಮೂರನ್ನೂ ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟು ಬಂದಿದ್ದ ಮೋಹನದಾಸ ಗಾಂಧಿ. ಮೇಜಿಗೆ ಹೋಗಿ ಕೂರಲು ಅವರಿಗೆ ಅಂಜಿಕೆ. ಚಾಕು, ಮುಳ್ಳುಚಮಚ ಹಿಡಿಯಲು ಬಾರದು. ಯಾವುದರಲ್ಲಿ ಮಾಂಸವಿಲ್ಲ ಎಂದು ಬಡಿಸುವವನನ್ನು ಇಂಗ್ಲಿಷಿನಲ್ಲಿ ಕೇಳುವ ಧೈರ್ಯವಿಲ್ಲ. ಹೀಗಾಗಿ ಮನೆಯಿಂದ ತಂದ ಸಿಹಿತಿಂಡಿ, ಹಣ್ಣುಗಳನ್ನೇ ಕ್ಯಾಬಿನ್ನಿನಲ್ಲಿ ಕೂತು ತಿಂದರು. ಟಿಕೆಟ್ಟಿನಲ್ಲಿ ಸೇರಿದ್ದ ಭೋಜನಕ್ಕೆ ಕೊಟ್ಟ ರೂಪಾಯಿಗಳು ಬೇರೆ ಯಾರದೋ ಹೊಟ್ಟೆಗೆ ಹೋದವು. 1891ರಲ್ಲಿ ಹಿಂದಿರುಗಿದಾಗ ಜಾತಿಯವರ ಸಮಾಧಾನಕ್ಕೆ ನಾಸಿಕದಲ್ಲಿ ಶುದ್ಧಿಯ ಸ್ನಾನವೂ ಆಯಿತು. ಸಮುದ್ರ ದಾಟಬಾರದೆಂಬ ನಿಷೇಧದಲ್ಲಿ ನೀರಿನ ಭಯಕ್ಕಿಂತ ಯಾರ ಕೈಯ ಅಡಿಗೆ, ಯಾರ ಪಕ್ಕದ ಎಲೆ ಎಂಬ ಭಯವೇ ದೊಡ್ಡದಿತ್ತೆಂದು ನನ್ನ ಅಭಿಪ್ರಾಯ.

ದುಡ್ಡಿದ್ದವರಿಗೆ ಈ ಭಯಕ್ಕೂ ಉಪಾಯವಿತ್ತು. ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆಂದು 1902ರಲ್ಲಿ ಇಂಗ್ಲೆಂಡಿಗೆ ಹೊರಟ ಜೈಪುರದ ಮಹಾರಾಜ ಎರಡನೆಯ ಮಾಧೋಸಿಂಗ್ ‘ಒಲಿಂಪಿಯಾ’ ಎಂಬ ಹಡಗನ್ನೇ ಇಡಿಯಾಗಿ ಬಾಡಿಗೆಗೆ ಹಿಡಿದ. ಕುಡಿಯಲು ಗಂಗಾಜಲವೇ ಆಗಬೇಕೆಂದು ಆಳೆತ್ತರದ ಬೆಳ್ಳಿಯ ಹಂಡೆಗಳಲ್ಲಿ ತುಂಬಿಸಿಕೊಂಡು ಹೋದ. ಆ ಹಂಡೆಗಳಲ್ಲಿ ಎರಡು ಈಗಲೂ ಜೈಪುರದ ಅರಮನೆಯಲ್ಲಿವೆ, ನೀವು ನೋಡಿರಬಹುದು. ಐಷಾರಾಮಿ ಪ್ರಯಾಣವೆಂದರೆ ಇದಕ್ಕಿಂತ ಮಿಗಿಲಾದದ್ದನ್ನು ಯಾವ ಕಂಪನಿ ಕೊಟ್ಟೀತು?

ಇನ್ನು ಬಡಿಸುವವರ ಮಾತಿಗೆ ಬರೋಣ. ಬ್ರಿಟಿಷರ ಈ ಹಡಗುಗಳಲ್ಲಿ ಕೆಲಸವನ್ನು ಊರು, ಧರ್ಮ ನೋಡಿ ಹಂಚಿದ್ದರು. ಡೆಕ್ಕಿನ ಕೆಲಸಕ್ಕೆ ಗುಜರಾತು, ಕೊಂಕಣದ ನಾವಿಕರು. ಬಾಯ್ಲರಿಗೆ ಕಲ್ಲಿದ್ದಲು ಸುರಿಯಲು ಪಂಜಾಬು, ಸಿಲ್ಹೆಟ್ಟಿನ ಮುಸಲ್ಮಾನರು. ಅಡಿಗೆಗೆ, ಬಡಿಸಲು ಗೋವೆಯ ಕ್ರಿಶ್ಚಿಯನ್ನರು. ಕಾರಣ ಸರಳ: ದನದ ಮಾಂಸ, ಹಂದಿ ಮಾಂಸ, ವೈನು, ಮೂರನ್ನೂ ಮುಟ್ಟಲು ಹಿಂಜರಿಯದವರು ಅವರು. ಪಿ ಅಂಡ್ ಓ ಹಡಗುಗಳ ಊಟದಲ್ಲಿ ತಪ್ಪದೆ ಇರುತ್ತಿದ್ದ ‘ಕರಿ’ ಇವರ ಕೈಯ ಅಡಿಗೆ. ಹಡಗಿಗೆ ಹೋಗಿ ಬರುವ ನಡುವೆ ತಂಗಲು ಮುಂಬಯಿಯ ಧೋಬಿ ತಲಾವ್, ಮಜಗಾಂವ್‌ಗಳಲ್ಲಿ ಊರಿಗೊಂದರಂತೆ ‘ಕುಡ್’ ಎಂಬ ಬಿಡಾರಗಳನ್ನು ಕಟ್ಟಿಕೊಂಡಿದ್ದರು. ಅದೇ ಹಡಗಿನಲ್ಲಿ ದುಡಿಯುವ ಬಿಳಿಯನ ಸಂಬಳದಲ್ಲಿ ಮೂರನೇ ಒಂದು ಪಾಲು, ಎಷ್ಟೋ ವೇಳೆ ಅದಕ್ಕೂ ಕಡಿಮೆ, ಭಾರತದ ನಾವಿಕನಿಗೆ. ಅದು ಗುಟ್ಟಾಗಿ ನಡೆದದ್ದೇನಲ್ಲ, ಕರಾರಿನ ಕಾಗದದ ಪ್ರಕಾರವೇ. ಮೊದಲ ದರ್ಜೆಯ ಟಿಕೆಟ್ಟಿನಲ್ಲಿ ಏಳು ಬಗೆಯ ಭೋಜನವನ್ನು ಸೇರಿಸಲು ಸಾಧ್ಯವಾದದ್ದರ ಹಿಂದೆ ಈ ಕಾಗದವೂ ಒಂದು.

ಪ್ರಯಾಣ ಎಂದರೆ ಎಲ್ಲಿಗಾದರೂ ತಲುಪುವುದು. ಎಲ್ಲಿಗೂ ಹೋಗದೆ ಉಂಡು ತಿರುಗಿ ಬರುವುದಕ್ಕೆಂದೇ ಹಡಗು ಹತ್ತಿಸಬಹುದೆಂದು ಯೋಚಿಸಿದವನು ಜರ್ಮನಿಯ ಹ್ಯಾಂಬರ್ಗಿನ ಆಲ್ಬರ್ಟ್ ಬಾಲೀನ್. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವವರು ಕಡಿಮೆ, ದೊಡ್ಡ ಹಡಗುಗಳು ಸುಮ್ಮನೆ ನಿಂತು ದುಡ್ಡು ತಿನ್ನುತ್ತಿದ್ದವು. 1891ರ ಜನವರಿಯಲ್ಲಿ ‘ಅಗಸ್ಟಾ ವಿಕ್ಟೋರಿಯಾ’ ಹಡಗಿನಲ್ಲಿ 241 ಜನರನ್ನು ಕೂರಿಸಿಕೊಂಡು ಮೆಡಿಟರೇನಿಯನ್ ಸಮುದ್ರ ಸುತ್ತಿಸಿ ತಂದ. ಹೆಂಡತಿ ಮರಿಯಾನೆಯನ್ನೂ ಕರೆದುಕೊಂಡೇ ಹೋಗಿದ್ದ. ಇವತ್ತಿನ ‘ಕ್ರೂಸ್’ ಎಂಬುದರ ಮೂಲ ಇದೇ ಎನ್ನುತ್ತಾರೆ. ಮುಂದೆ ಲಂಡನ್ನಿನ ಕಾರ್ಲ್ಟನ್ ಹೋಟೆಲಿನ ಊಟಕ್ಕೆ ಮನಸೋತ ಬಾಲೀನ್, 1905ರಲ್ಲಿ ತನ್ನ ‘ಅಮೆರಿಕಾ’ ಹಡಗಿನಲ್ಲಿ ರಿಟ್ಜ್ ಹೆಸರಿನ ರೆಸ್ಟೋರೆಂಟನ್ನೇ ತೆರೆಸಿದ. ಹೆಸರಾಂತ ಬಾಣಸಿಗ ಎಸ್ಕೊಫಿಯೆಯ ಕೈಯಲ್ಲಿ ಪಳಗಿದವರು ಅಲ್ಲಿ ಅಡಿಗೆಗೆ. ಇಲ್ಲಿ ಊಟ ಟಿಕೆಟ್ಟಿನಲ್ಲಿ ಸೇರಿಲ್ಲ. ಬೇಕಾದ್ದನ್ನು ಬೇಕಾದ ಹೊತ್ತಿಗೆ ತರಿಸಿಕೊಂಡು ಬೇರೆ ದುಡ್ಡು ಕೊಡಬೇಕು. ಊಟವೆಲ್ಲ ಪುಕ್ಕಟೆಯಿರುವ ಹಡಗಿನಲ್ಲಿ ದುಡ್ಡು ಕೊಟ್ಟು ಉಣ್ಣುವುದೇ ದೊಡ್ಡಸ್ತಿಕೆಯಾಯಿತು. ಮದುವೆಮನೆಯ ಪಂಕ್ತಿಯನ್ನು ಬಿಟ್ಟು ಒಳಮನೆಯಲ್ಲಿ ಬೆಳ್ಳಿ ತಟ್ಟೆಗೆ ಬಡಿಸಿಸಿಕೊಳ್ಳುವ ಬೀಗರ ಹಾಗೆ ಅನ್ನಿ.

ಇದೇ ಮಾದರಿ ‘ಟೈಟಾನಿಕ್’ ಹಡಗಿಗೂ ಬಂತು. ಆ ಹಡಗಿನ ಕತೆಯನ್ನು ಸಿನಿಮಾದಲ್ಲಿ ನೋಡಿ ಕಣ್ಣೀರಿಟ್ಟವರು ನಾವೆಲ್ಲ. ಆದರೆ ಅದರ ರೆಸ್ಟೋರೆಂಟಿನ ಕತೆ ಸಿನಿಮಾದಲ್ಲಿ ಇಲ್ಲ. ಮೊದಲ ದರ್ಜೆಯವರಿಗೆ ಟಿಕೆಟ್ಟಿನಲ್ಲೇ ಸೇರಿದ್ದ ದೊಡ್ಡ ಭೋಜನಶಾಲೆಯಲ್ಲದೆ ಬೇರೆಯಾಗಿ ಇನ್ನೊಂದು ಸಣ್ಣ ರೆಸ್ಟೋರೆಂಟು. ನಡೆಸುತ್ತಿದ್ದವನು ಲುಯಿಜಿ ಗಾಟ್ಟಿ ಎಂಬ ಇಟಲಿಯವನು, ಗುತ್ತಿಗೆಯ ಮೇಲೆ. ಪ್ರಯಾಣದುದ್ದಕ್ಕೂ ಅಲ್ಲಿಯೇ ಉಣ್ಣುವೆನೆಂದು ಮೊದಲೇ ಹೇಳಿದರೆ ಟಿಕೆಟ್ಟಿನಲ್ಲಿ ಮೂರರಿಂದ ಐದು ಪೌಂಡು ಬಿಟ್ಟುಕೊಡುತ್ತಿದ್ದರು. ಹಡಗಿನ ಊಟಕ್ಕೆ ಕಂಪನಿ ಕಟ್ಟಿದ ಬೆಲೆ ಎಷ್ಟೆಂಬುದು ಈ ಸೋಡಿಯಿಂದ ಬಯಲಾಗುತ್ತದೆ! 1912ರ ಏಪ್ರಿಲ್ 14ರ ರಾತ್ರಿ ವೈಡನರ್ ಎಂಬ ಅಮೆರಿಕದ ಶ್ರೀಮಂತ ದಂಪತಿಗಳು ಹಡಗಿನ ಕಪ್ತಾನನಿಗೆ ಔತಣ ಕೊಟ್ಟದ್ದು ಈ ರೆಸ್ಟೋರೆಂಟಿನಲ್ಲಿಯೇ. ಕೆಲವೇ ಗಂಟೆಗಳಲ್ಲಿ ಹಡಗು ಮುಳುಗಿತು.

ಗಾಟ್ಟಿಯ ಹತ್ತಿರ ಅಡಿಗೆಯವರು, ಬಡಿಸುವವರು, ಪಾತ್ರೆ ತೊಳೆಯುವವರು ಸೇರಿ ಸುಮಾರು 70 ಮಂದಿ. ಹೆಚ್ಚಿನವರು ಇಟಲಿ, ಫ್ರಾನ್ಸಿನ ಹುಡುಗರು. ಹಡಗಿನ ಕಂಪನಿಯ ಸಂಬಳದವರಲ್ಲ, ಪ್ರಯಾಣಿಕರೂ ಅಲ್ಲ. ಈ ಎಪ್ಪತ್ತರಲ್ಲಿ ಬದುಕಿ ಉಳಿದವರು ಮೂರೇ ಜನ. ಇಬ್ಬರು ಹೆಂಗಸರು, ಗಲ್ಲಾಪೆಟ್ಟಿಗೆಯಲ್ಲಿ ಕೂರುತ್ತಿದ್ದವರು. ಹೆಂಗಸರೆಂಬ ಕಾರಣಕ್ಕೆ ಅವರಿಗೆ ದೋಣಿಯಲ್ಲಿ ಜಾಗ ಸಿಕ್ಕಿತು. ಮೂರನೆಯವನು ಪಾಲ್ ಮೋಜೆ, ಮುಖ್ಯ ಬಾಣಸಿಗನ ಕಾರ್ಯದರ್ಶಿ. ಕೆಲಸದ ಸಮವಸ್ತ್ರದ ಬದಲು ಮಾಮೂಲಿ ಬಟ್ಟೆಯಲ್ಲಿದ್ದುದರಿಂದ ಅವನನ್ನು ಮೇಲಿನ ಡೆಕ್ಕಿಗೆ ಬಿಟ್ಟರು, ಉಳಿದ ಹುಡುಗರನ್ನು ಹಡಗಿನ ಸ್ಟೀವರ್ಡರು ಕೆಳಗೇ ತಡೆದರು ಎಂದು ಆತ ಲಂಡನ್ನಿನ ವಿಚಾರಣೆಯಲ್ಲಿ ಹೇಳಿದ. ಗಾಟ್ಟಿಯೂ ಉಳಿಯಲಿಲ್ಲ. ಐದು ಪೌಂಡಿನ ಸೋಡಿಯ ಲೆಕ್ಕವನ್ನು ಕಂಪನಿ ಚೊಕ್ಕವಾಗಿ ಬರೆದಿಟ್ಟಿತ್ತು. ಈ ಹುಡುಗರು ಯಾರ ಲೆಕ್ಕದಲ್ಲಿ ಬರುತ್ತಾರೆ ಎಂಬುದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ.

ವೈನಿನ ಕತೆಗೆ ಮರಳುತ್ತೇನೆ. ನಮ್ಮ ಪೇಟೆಗಳಲ್ಲಿ ‘ವೈನ್ ಶಾಪ್’ ಎಂದರೆ ಹೆಂಗಸರು ರಸ್ತೆಯ ಆಚೆ ಬದಿಗೆ ಹೋಗಿ ನಡೆಯಬೇಕಾದ ಅಂಗಡಿ. ಅಲ್ಲಿ ವೈನೊಂದನ್ನು ಬಿಟ್ಟು ಉಳಿದದ್ದೆಲ್ಲ ಖರ್ಚಾಗುತ್ತದೆ. ಫ್ರಾನ್ಸಿನವರಿಗೆ ಹಾಗಲ್ಲ. ಅವರಿಗೆ ವೈನೆಂದರೆ ನಮ್ಮ ಮಜ್ಜಿಗೆ. ‘ಫ್ರೆಂಚ್ ಲೈನ್’ ಕಂಪನಿಯ ಹಡಗುಗಳಲ್ಲಿ, 1935ರ ‘ನಾರ್ಮಂಡಿ’ಯಲ್ಲೂ 1962ರ ‘ಫ್ರಾನ್ಸ್’ನಲ್ಲೂ, ಊಟದ ಮೇಜಿನ ಕೆಂಪು ಬಿಳಿ ವೈನಿಗೆ ಬೆಲೆಯಿರಲಿಲ್ಲ, ಅದೂ ಎಲ್ಲ ದರ್ಜೆಯವರಿಗೂ. ನಾರ್ಮಂಡಿಯ ಮೊದಲ ದರ್ಜೆಯ ಭೋಜನಶಾಲೆ 300 ಅಡಿಗೂ ಉದ್ದ, 700 ಜನ ಒಟ್ಟಿಗೆ ಕೂರಬಹುದು, ಕಿಟಕಿಯೇ ಇಲ್ಲದ ಕೋಣೆಯನ್ನು ಲಾಲೀಕನ ಗಾಜಿನ ದೀಪಗಳು ಬೆಳಗುತ್ತಿದ್ದವು. ಆ ವೈಭವಕ್ಕಿಂತ, ಕೆಳಗಿನ ದರ್ಜೆಯ ಬಡ ಪ್ರಯಾಣಿಕನ ಮೇಜಿಗೂ ಬಿಲ್ಲಿಲ್ಲದೆ ಬರುತ್ತಿದ್ದ ಆ ಬಾಟಲಿ ನನಗೆ ಹೆಚ್ಚು ಹಿಡಿಸುತ್ತದೆ. ಮಜ್ಜಿಗೆಗೆ ದುಡ್ಡು ಕೇಳುವವರನ್ನು ಕಂಡರೆ ನಮಗೂ ಕೋಪ ಬರುವುದಿಲ್ಲವೆ?

ಇದೇ ಕಾಲದಲ್ಲಿ ಅಮೆರಿಕದ ಕತೆ ತಿರುವುಮುರುವು. 1920ರ ಜನವರಿಯಿಂದ ಅಲ್ಲಿ ಪಾನನಿರೋಧ. ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದವರಲ್ಲಿ ಗಂಡಂದಿರ ಕುಡಿತದಿಂದ ಬೇಸತ್ತ ಹೆಂಗಸರೇ ಮುಂದಿದ್ದರು. ಹೊರಗೆ ನಿಂತು ನಗುವುದು ಸುಲಭ, ಅವರ ಸಂಕಟ ಸುಳ್ಳಲ್ಲ. ಆದರೆ ಕಾನೂನು ದಡದ ಮೇಲಿತ್ತು, ಸಮುದ್ರ ಪಕ್ಕದಲ್ಲೇ ಇತ್ತು. ಬಾಯಾರಿದವರು ಇಂಗ್ಲೆಂಡು, ಫ್ರಾನ್ಸಿನ ಹಡಗುಗಳನ್ನು ಹತ್ತಿದರು. ಅಮೆರಿಕದ ಜಲಗಡಿ ದಾಟುತ್ತಿದ್ದಂತೆ ಬಾಟಲಿಗಳ ಬಿರಡೆ ತೆರೆಯುತ್ತಿದ್ದವು. ಯಾವ ಊರಿಗೂ ಹೋಗದೆ ಒಂದೆರಡು ದಿನ ಸಮುದ್ರದಲ್ಲೇ ಸುತ್ತಾಡಿ ಮರಳುವ ಅಗ್ಗದ ಪ್ರಯಾಣಗಳೂ ಹುಟ್ಟಿಕೊಂಡವು. ಬಾಲೀನ್ ಸಿರಿವಂತರಿಗೆಂದು ಕಂಡುಹಿಡಿದದ್ದು ಹೀಗೆ ಗುಮಾಸ್ತರ ಕೈಗೂ ಎಟುಕಿತು.

1958ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ದಾಟತೊಡಗಿದ ಮೇಲೆ, ಎಲ್ಲಿಗೋ ತಲುಪಬೇಕಾದವರು ಹಡಗನ್ನು ಬಿಟ್ಟರು. ಉಳಿದದ್ದು ವಿಹಾರವೊಂದೇ. ದರ್ಜೆಗಳೆಂಬ ಹೆಸರು ಹೋಯಿತು, ದರ್ಜೆ ಹೋಗಲಿಲ್ಲ. ಕ್ಯುನಾರ್ಡ್ ಕಂಪನಿಯ 2004ರ ‘ಕ್ವೀನ್ ಮೇರಿ 2’ ಹಡಗಿನಲ್ಲಿ ನೀವು ಯಾವ ಕೋಣೆ ಹಿಡಿದಿದ್ದೀರಿ ಎಂಬುದರ ಮೇಲೆ ಯಾವ ಭೋಜನಶಾಲೆಯಲ್ಲಿ ಕೂರಬೇಕೆಂಬುದು ಗೊತ್ತಾಗುತ್ತದೆ: ಬ್ರಿಟಾನಿಯಾ, ಪ್ರಿನ್ಸೆಸ್ ಗ್ರಿಲ್, ಕ್ವೀನ್ಸ್ ಗ್ರಿಲ್. ಮೊದಲನೆಯ ಹೆಸರು ಡಿಕನ್ಸ್ ಗೇಲಿ ಮಾಡಿದ ಆ ಹಡಗಿನದೇ.

1984ರಲ್ಲಿ ಬಂದ ‘ಸೀ ಗಾಡೆಸ್’ ಎಂಬ ಸಣ್ಣ ಹಡಗು, 1994ರಿಂದ ‘ಸಿಲ್ವರ್‌ಸೀ’ ಕಂಪನಿ, ಮುಂತಾದವು ಹಳೆಯ ಪಿ ಅಂಡ್ ಓ ಪದ್ಧತಿಯನ್ನೇ ಹೊಸದೆಂಬಂತೆ ತಂದವು: ಒಂದೇ ಬೆಲೆ, ಊಟ, ವೈನು ಎಲ್ಲ ಅದರಲ್ಲಿ. ಪುಕ್ಕಟೆಯ ವೈನಿನ ಜತೆಗೆ ಇನ್ನೊಂದು ಪಟ್ಟಿಯೂ ಇಂಥ ಕಡೆ ಇರುವುದುಂಟು. ಹಳೆಯ ವರ್ಷದ, ಹೆಸರುವಾಸಿ ತೋಟದ ಬಾಟಲಿ ಬೇಕೆಂದರೆ ಬೇರೆ ದುಡ್ಡು. ದೊಡ್ಡ ಹಡಗುಗಳಲ್ಲಿ ಊಟ ಸೇರಿ, ವೈನು ಬೇರೆ. ಈಚೀಚೆಗೆ ವಿಶೇಷ ರೆಸ್ಟೋರೆಂಟುಗಳ ಊಟವೂ ಬೇರೆ. ನಿಮ್ಮದೇ ಬಾಟಲಿ ಒಯ್ದರೆ ಅದರ ಬಿರಡೆ ತೆರೆಯುವುದಕ್ಕೆ ಶುಲ್ಕ, ನಮ್ಮ ಕಲ್ಯಾಣಮಂಟಪಗಳಲ್ಲಿ ಹೊರಗಿನ ಅಡಿಗೆಯವರನ್ನು ಕರೆತಂದರೆ ದಂಡ ಕೇಳುತ್ತಾರಲ್ಲ, ಹಾಗೆ. ದಿನಕ್ಕಿಷ್ಟೆಂದು ಕಟ್ಟಿದರೆ ಕುಡಿದಷ್ಟು ಕೊಡುವ ಯೋಜನೆಗಳೂ ಇವೆ, ಆದರೆ ಕೆಲವು ಕಂಪನಿಗಳಲ್ಲಿ ಗಂಡ ಅದನ್ನು ಕೊಂಡರೆ ಅದೇ ಕೋಣೆಯ ಹೆಂಡತಿಯೂ ಕೊಳ್ಳಲೇಬೇಕು. ಅವಳು ನೀರು ಬಿಟ್ಟು ಬೇರೇನೂ ಕುಡಿಯದಿದ್ದರೂ ಸರಿಯೆ! ಟಿಕೆಟ್ಟಿನ ಹೊರಗೆ ಬರುವ ಇಂಥ ಆದಾಯವೇ ದೊಡ್ಡ ಕಂಪನಿಗಳ ಗಳಿಕೆಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು.

ಇನ್ನೊಂದು ಸಂಗತಿಯನ್ನು ಹೆಂಗಸರು ಗಮನಿಸಬೇಕು. ಹಡಗಿನ ಬೆಲೆಯನ್ನು ಹೇಳುವುದು ‘ಒಂದು ಕೋಣೆಯಲ್ಲಿ ಇಬ್ಬರಿದ್ದರೆ ತಲಾ ಇಷ್ಟು’ ಎಂದು. ಒಂಟಿಯಾಗಿ ಹೋಗುವವಳು ಒಂದೂವರೆಪಟ್ಟು, ಎಷ್ಟೋ ಕಡೆ ಪೂರ್ತಿ ಎರಡು ಪಟ್ಟು ಕೊಡಬೇಕು. ಉಣ್ಣುವುದು ಒಂದೇ ತಟ್ಟೆ. ಗಂಡ ತೀರಿಕೊಂಡ ಮೇಲಾದರೂ ನಾಲ್ಕು ಊರು ನೋಡೋಣವೆಂದು ಹೊರಟ ಹೆಂಗಸು ಇಲ್ಲದ ಗಂಡನ ಊಟದ ದುಡ್ಡನ್ನೂ ಕಟ್ಟುತ್ತಾಳೆ.

ಆ ಒಂದು ಗಿನಿಯ ಮಾತು ಉಳಿದಿದೆ. ನಮ್ಮ ಬೀದಿಯ ಬಾಯಮ್ಮನವರ ಮಗ ಇಂಥ ಒಂದು ದೊಡ್ಡ ಹಡಗಿನ ಭೋಜನಶಾಲೆಯಲ್ಲಿ ಬಡಿಸುತ್ತಾನೆ. ಕರಾವಳಿಯಲ್ಲಿ ಇದು ಹೊಸದಲ್ಲ. ‘ಶಿಪ್ಪಿನಲ್ಲಿದ್ದಾನೆ’ ಎಂದರೆ ಮದುವೆಯ ಮಾತುಕತೆಯಲ್ಲಿ ಒಂದು ತೂಕ. ಎಂಟು ಒಂಬತ್ತು ತಿಂಗಳು ನೀರಿನ ಮೇಲೆ, ಎರಡು ತಿಂಗಳು ಊರಿನಲ್ಲಿ. ರಜೆಯಲ್ಲಿ ಬಂದಾಗ ಅವನನ್ನು ಕೂರಿಸಿಕೊಂಡು ಕೇಳಿದೆ. ಹಡಗಿನ ಬಾವುಟ ಬೇರೆ ಯಾವುದೋ ಪುಟ್ಟ ದೇಶದ್ದು, ಕಾನೂನೂ ಆ ದೇಶದ್ದೇ. ಮೂಲ ಸಂಬಳ ಸಣ್ಣದು. ಮನೆಗೆ ಕಳಿಸುವ ದುಡ್ಡಿನಲ್ಲಿ ದೊಡ್ಡ ಪಾಲು ಪ್ರಯಾಣಿಕರು ಕೊಡುವ ಟಿಪ್ಸಿನದು. ಮೊದಲೆಲ್ಲ ಕೊನೆಯ ರಾತ್ರಿ ಲಕೋಟೆಯಲ್ಲಿಟ್ಟು ಕೈಗೆ ಕೊಡುತ್ತಿದ್ದರಂತೆ. ಈಗ ದಿನಕ್ಕೆ ತಲೆಗೆ ಇಷ್ಟು ಡಾಲರ್ ಎಂದು ಪ್ರಯಾಣಿಕರ ಲೆಕ್ಕಕ್ಕೆ ತಾನಾಗಿ ಸೇರುತ್ತದೆ. ಬೇಡವೆನಿಸಿದವರು ಕೌಂಟರಿಗೆ ಹೋಗಿ ಹೇಳಿದರೆ ತೆಗೆದುಹಾಕುತ್ತಾರೆ.

“ತೆಗೆಸುವವರು ಇದ್ದಾರಾ?” ಎಂದೆ.

“ಇದ್ದಾರೆ ಆಂಟಿ. ಕೊನೆಯ ದಿನ ಬೆಳಿಗ್ಗೆ ಅಲ್ಲಿ ಸಾಲು ಇರುತ್ತದೆ. ಏಳು ದಿನ ಹೆಸರು ಹಿಡಿದು ಕರೆದು, ಮಕ್ಕಳ ಫೋಟೋ ತೋರಿಸಿ ಮಾತಾಡಿದವರೂ ಆ ಸಾಲಿನಲ್ಲಿರುತ್ತಾರೆ. ನಾವು ನೋಡಿದರೂ ನೋಡದ ಹಾಗೆ ಕಾಫಿ ಕೊಡುವುದು.”

ಬಾಯಮ್ಮನವರು ಒಳಗಿನಿಂದ ಬಂದು, ಮಗನ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಿ ಹೋದರು.